ಹಳೆಯ ಕಾರು: ಓಡಿದ ದೂರ, ಉಳಿದ ಬಾಳಿಕೆ

ಉತ್ತರ ಕರ್ನಾಟಕದ ದನದ ಜಾತ್ರೆಗಳನ್ನು ಕಂಡವರಿಗೆ ಎತ್ತು ಕೊಳ್ಳುವ ಕ್ರಮ ಗೊತ್ತಿರುತ್ತದೆ. ರೈತನು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಅದರಿಂದ ವಯಸ್ಸು ತಿಳಿಯುತ್ತದೆ. ಬಳಿಕ ಸುಳಿ ನೋಡುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ನೊಗದಡಿಯ ಹೆಗಲಿನ ಮೇಲೆ ಕೈಯಾಡಿಸುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಇಷ್ಟೆಲ್ಲ ಆದ ಮೇಲೂ ಅವನ ಬಾಯಲ್ಲಿ ಒಂದು ಪ್ರಶ್ನೆ ಉಳಿದಿರುತ್ತದೆ: ‘ಇದು ಯಾರ ಮನೆಯ ಎತ್ತು? ಏನು ಕೆಲಸ ಮಾಡಿದೆ?’ ಹಲ್ಲು ವಯಸ್ಸನ್ನು ಹೇಳುತ್ತದೆ. ಮೇವು ಹಾಕಿದವನಾರು, ಗಾಡಿ ಹೂಡಿದವನಾರು, ಬೇನೆ ಬಂದಾಗ ಮದ್ದು ಮಾಡಿದರೋ ಇಲ್ಲವೋ ಎಂಬುದನ್ನು ಹೇಳುವುದಿಲ್ಲ ಎಂಬ ಸತ್ಯ ಅವನಿಗೆ ಅನುಭವದಿಂದ ಗೊತ್ತು.

ಆ ರೈತನ ಮಕ್ಕಳು, ಮೊಮ್ಮಕ್ಕಳು ಇಂದು ಪುಣೆಯಲ್ಲಿದ್ದಾರೆ. ಪಿಂಪರಿ, ಚಿಂಚವಾಡ, ಭೋಸರಿ, ಚಾಕಣದ ಕಾರ್ಖಾನೆಗಳಲ್ಲಿಯೂ ಹಿಂಜವಡಿಯ ಕಚೇರಿಗಳಲ್ಲಿಯೂ ಬ್ಯಾಂಕು, ಹೋಟೆಲು, ಶಾಲೆಗಳಲ್ಲಿಯೂ ದುಡಿಯುತ್ತಿದ್ದಾರೆ. ಇವರು ಹಳೆಯ ಕಾರು ಕೊಳ್ಳಲು ಹೊರಟಾಗ ಅಜ್ಜನ ಕೊನೆಯ ಪ್ರಶ್ನೆಯನ್ನು ಮರೆತು, ಹಲ್ಲನ್ನು ಮಾತ್ರ ನೋಡುತ್ತಾರೆ. ‘ಎಷ್ಟು ಓಡಿದೆ?’ ಎಂಬುದೊಂದೇ ಪ್ರಶ್ನೆ. ಐವತ್ತು ಸಾವಿರ ಎಂದರೆ ಮುಖ ಅರಳುತ್ತದೆ. ಲಕ್ಷ ದಾಟಿದೆ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಈ ಅಭ್ಯಾಸವು ಮಧ್ಯಮ ವರ್ಗದ ಸಂಸಾರಗಳಿಗೆ ನಷ್ಟವನ್ನುಂಟುಮಾಡುತ್ತಿದೆ ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಊರು ಬಿಟ್ಟು ಬಂದ ಸಂಸಾರಕ್ಕೆ ಕಾರು ಈಗ ಕೇವಲ ಅಂತಸ್ತಿನ ಗುರುತಾಗಿ ಉಳಿದಿಲ್ಲ. ಪುಣೆಯಿಂದ ಬೆಳಗಾವಿ ಸುಮಾರು 340 ಕಿಲೋಮೀಟರು. ಸೋಲಾಪುರದ ಮಾರ್ಗವಾಗಿ ವಿಜಯಪುರವೂ ಕಲಬುರಗಿಯೂ ಸುಮಾರು 350ರಿಂದ 370 ಕಿಲೋಮೀಟರು. ಊರಿನಲ್ಲಿ ವಯಸ್ಸಾದ ತಂದೆತಾಯಿಗಳಿದ್ದಾರೆ. ರಾತ್ರಿ ಹತ್ತಕ್ಕೆ ಫೋನು ಬಂದರೆ ಬಸ್ಸಿನ ಸೀಟು, ರೈಲಿನ ಬರ್ತು ಸಿಗುವವರೆಗೆ ಕಾಯುವಂತಿಲ್ಲ. ಅವರನ್ನು ಚಿಕಿತ್ಸೆಗೆಂದು ಪುಣೆಗೆ ಕರೆತರುವುದೂ ಉಂಟು. ಹೊಸ ಕಾರಿಗೆ ಹಣ ಸಾಲದು, ಹಳೆಯದನ್ನು ನೋಡಬೇಕು. ಹೀಗಿರುವಾಗ ಆಯ್ಕೆಯಲ್ಲಿ ತಪ್ಪಿದರೆ ಹೋಗುವುದು ಹಣ ಮಾತ್ರವಲ್ಲ. ಖಂಬಾಟಕಿ ಘಾಟಿನ ಇಳಿಜಾರಿನಲ್ಲಿ ಇಡೀ ಸಂಸಾರವೇ ಆ ಕಾರಿನೊಳಗಿರುತ್ತದೆ.

ಅಂಕೆ ಹೇಳುವುದೇನು?

ದೃಷ್ಟಾಂತಕ್ಕೆ ಕೋಥ್ರೂಡಿನಲ್ಲಿ ನೆಲೆಸಿದ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಗೃಹಸ್ಥನು ಕಾರ್ಖಾನೆಯ ನೌಕರ, ಗೃಹಿಣಿ ಶಾಲಾ ಶಿಕ್ಷಕಿ, ಓದುವ ಇಬ್ಬರು ಮಕ್ಕಳು, ಊರಿನಲ್ಲಿ ಹೃದ್ರೋಗಿಯಾದ ತಂದೆ. ಕೈಯಲ್ಲಿ ಮೂರು ಲಕ್ಷ ರೂಪಾಯಿ. ಬೇಕಾದರೆ ಇನ್ನಷ್ಟು ಸಾಲ. ಇವರ ಮುಂದೆ ಒಂದೇ ಮಾದರಿಯ, ಒಂದೇ ವರ್ಷದ ಎರಡು ಕಾರುಗಳಿವೆ. ಮೊದಲನೆಯದು 60,000 ಕಿ.ಮೀ. ಓಡಿದ್ದು, ವ್ಯಾಪಾರಿಯ ಅಂಗಳದಲ್ಲಿ ಥಳಥಳಿಸುತ್ತ ನಿಂತಿದೆ. ಎರಡನೆಯದು 1,20,000 ಕಿ.ಮೀ. ಓಡಿದ್ದು. ಅದರ ಒಡೆಯನು ತಿಂಗಳಿಗೆ ಎರಡು ಸಲ ಹುಬ್ಬಳ್ಳಿಗೆ ಹೋಗಿ ಬರುತ್ತಿದ್ದವನು. ಪ್ರತಿಯೊಂದು ಸರ್ವಿಸಿನ ರಸೀತಿಯನ್ನೂ ಕಡತದಲ್ಲಿ ಇಟ್ಟವನು. ಬಂಧುಬಳಗವೆಲ್ಲ ಮೊದಲನೆಯದನ್ನೇ ಕೊಳ್ಳುವಂತೆ ಸಲಹೆ ಕೊಡುತ್ತದೆ.

ಇಲ್ಲಿ ಒಂದು ಸರಳ ಲೆಕ್ಕವನ್ನು ಮಾಡಿ ನೋಡಬೇಕು. ಪುಣೆಯ ಸಂದಣಿಯಲ್ಲಿ ಕಾರು ಸರಾಸರಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುತ್ತದೆಂದು ಹಿಡಿದರೆ, 60,000 ಕಿ.ಮೀ. ಓಡಲು ಅದರ ಎಂಜಿನ್ನು 3,000 ಗಂಟೆ ದುಡಿದಿರುತ್ತದೆ. ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ. ವೇಗವೆಂದು ಹಿಡಿದರೆ, 1,20,000 ಕಿ.ಮೀ. ಓಡಿದ ಎಂಜಿನ್ನು ದುಡಿದದ್ದು 2,000 ಗಂಟೆ. ಹೆಚ್ಚು ಓಡಿದ ಕಾರೇ ಕಡಿಮೆ ದುಡಿದಂತಾಯಿತು! ನಗರದ ಕಾರಿಗೆ ಸಿಗ್ನಲ್ಲಿಗೊಮ್ಮೆ ಕ್ಲಚ್ಚು, ಮಾರಿಗೊಮ್ಮೆ ಬ್ರೇಕು. ಎಂಜಿನ್ನು ಪೂರ್ತಿ ಬಿಸಿಯಾಗುವ ಮೊದಲೇ ಎರಡು ಮೈಲಿಯ ಪ್ರಯಾಣ ಮುಗಿದುಹೋಗುತ್ತದೆ. ಹೆದ್ದಾರಿಯ ಕಾರು ಒಮ್ಮೆ ಮೇಲಿನ ಗೇರಿಗೆ ಬಿದ್ದರೆ ಗಂಟೆಗಟ್ಟಲೆ ಸಮಗತಿಯಲ್ಲಿ ಓಡುತ್ತದೆ.

ಆದರೂ ಒಂದು ಎಚ್ಚರಿಕೆ ಅಗತ್ಯ. ಟೈರು, ಗಾಲಿಯ ಬೇರಿಂಗು, ಷಾಕ್ ಅಬ್ಸಾರ್ಬರುಗಳು ಗಂಟೆಯನ್ನು ಎಣಿಸುವುದಿಲ್ಲ, ದೂರವನ್ನೇ ಎಣಿಸುತ್ತವೆ. ರಬ್ಬರಿನ ಕೊಳವೆ, ಸೀಲು, ಬ್ಯಾಟರಿಗಳು ಎರಡನ್ನೂ ಎಣಿಸದೆ ವರ್ಷವನ್ನು ಎಣಿಸುತ್ತವೆ. ಓಡದೆ ನಿಂತ ಕಾರಿನಲ್ಲಿಯೂ ಇವು ಮುಪ್ಪಾಗುತ್ತವೆ. ಆದುದರಿಂದ ಕಾರಿಗೆ ಒಂದೇ ವಯಸ್ಸಿಲ್ಲ. ಓಡಿದ ದೂರ, ದುಡಿದ ಗಂಟೆ, ಕಳೆದ ವರ್ಷ ಎಂದು ಮೂರು ವಯಸ್ಸುಗಳಿವೆ. ಮಾಪಕವು ಇವುಗಳಲ್ಲಿ ಒಂದನ್ನು ಮಾತ್ರ ತೋರಿಸುತ್ತದೆ.

ಆ ಒಂದನ್ನಾದರೂ ಪ್ರಾಮಾಣಿಕವಾಗಿ ತೋರಿಸುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಹಿಂದಿನ ಬಹಳಷ್ಟು ಕಾರುಗಳ ಮಾಪಕದಲ್ಲಿ ಐದೇ ಅಂಕೆಗಳಿದ್ದವು. 99,999 ಆದ ಮೇಲೆ ಮತ್ತೆ ಸೊನ್ನೆ. ಇಂದಿನ ಮಾಪಕಗಳು ವಿದ್ಯುನ್ಮಾನದವು. ತಿಳಿದವನು ಸಣ್ಣದೊಂದು ಉಪಕರಣ ಜೋಡಿಸಿ ಲಕ್ಷವನ್ನು ಅರ್ಧಲಕ್ಷ ಮಾಡಬಲ್ಲನು. ಈ ಮೋಸವು ಎಲ್ಲ ದೇಶಗಳಲ್ಲಿಯೂ ಉಂಟು. ಅಮೆರಿಕದಲ್ಲಿ ಇದನ್ನು ತಡೆಯಲು 1972ರಲ್ಲಿಯೇ ಕಾನೂನು ಮಾಡಬೇಕಾಯಿತು. ಕೊಳ್ಳುವವರು ಅಂಕೆಯನ್ನೇ ನಂಬಿ ಬೆಲೆ ಕೊಡುತ್ತಾರೆಂದು ಗೊತ್ತಿರುವುದರಿಂದಲೇ ಮಾರುವವರು ಅಂಕೆಯನ್ನು ತಿದ್ದುತ್ತಾರೆ. ಅಂಕೆಯ ಮೋಹ ಕಡಿಮೆಯಾದಂತೆ ತಿದ್ದುವವರ ಲಾಭವೂ ಕಡಿಮೆಯಾಗುತ್ತದೆ.

ಮಾರುವವನು ಬಲ್ಲ, ಕೊಳ್ಳುವವನು ಅರಿಯ

1970ರಲ್ಲಿ ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞನು ಹಳೆಯ ಕಾರುಗಳ ಪೇಟೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಒಂದು ಪ್ರಬಂಧವನ್ನು ಪ್ರಕಟಿಸಿದನು. ಅಲ್ಲಿನ ಆಡುಮಾತಿನಲ್ಲಿ ಕೆಟ್ಟ ಕಾರಿಗೆ ನಿಂಬೆಹಣ್ಣು ಎಂದು ಹೆಸರು. ಪ್ರಬಂಧದ ಶೀರ್ಷಿಕೆಯಲ್ಲಿಯೂ ಆ ಹಣ್ಣೇ ಇದೆ. ಮೂರು ಪತ್ರಿಕೆಗಳು ತಿರಸ್ಕರಿಸಿದ್ದ ಆ ಪ್ರಬಂಧವು ಮುಂದೆ ಅರ್ಥಶಾಸ್ತ್ರದ ದಿಕ್ಕನ್ನೇ ಬದಲಿಸಿತು. 2001ರಲ್ಲಿ ಅವನಿಗೆ ಇತರ ಇಬ್ಬರೊಡನೆ ನೊಬೆಲ್ ಪಾರಿತೋಷಕ ದೊರೆಯಿತು.

ಅವನ ತರ್ಕ ಸರಳವಾಗಿದೆ. ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದುದರಿಂದ ಕೊಳ್ಳುವವನು ಒಳ್ಳೆಯದಕ್ಕೂ ಕೆಟ್ಟದಕ್ಕೂ ನಡುವಣ ಬೆಲೆಯನ್ನು ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯನು ಒಪ್ಪದೆ ಕಾರನ್ನು ಮನೆಯಲ್ಲಿಯೇ ಉಳಿಸಿಕೊಳ್ಳುತ್ತಾನೆ. ಕೆಟ್ಟ ಕಾರಿನ ಒಡೆಯನು ಸಂತೋಷದಿಂದ ಮಾರುತ್ತಾನೆ. ಹೀಗೆ ಪೇಟೆಯಲ್ಲಿ ಕೆಟ್ಟವೇ ಹೆಚ್ಚಾಗಿ, ಬೆಲೆ ಇನ್ನೂ ಇಳಿದು, ಉಳಿದ ಒಳ್ಳೆಯವೂ ಹೊರಬೀಳುತ್ತವೆ. ಅಕರ್ಲಾಫನು 1967–68ರಲ್ಲಿ ಭಾರತದಲ್ಲಿ ಇದ್ದವನು. ಹಳ್ಳಿಯ ಸಾಹುಕಾರನು ಹೊರಗಿನವರಿಗೆ ಏಕೆ ಸಾಲ ಕೊಡನು ಎಂಬುದಕ್ಕೂ ಆ ಪ್ರಬಂಧದಲ್ಲಿ ಇದೇ ಉತ್ತರ: ಸಾಲಗಾರನ ಗುಣವನ್ನು ಬಲ್ಲವನೇ ಧೈರ್ಯವಾಗಿ ಸಾಲ ಕೊಡಬಲ್ಲನು.

ಈ ತರ್ಕದಿಂದ ಕೊಳ್ಳುವವನು ಕಲಿಯಬೇಕಾದ ಪಾಠ ಒಂದೇ. ಅವನು ಹಣ ಕೊಟ್ಟು ಪಡೆಯುತ್ತಿರುವುದು ಕಾರಿನ ಜೊತೆಗೆ ಅದರ ಪೂರ್ವಚರಿತ್ರೆಯನ್ನು. ಹೊಸ ರೋಗಿಯನ್ನು ನೋಡುವ ವೈದ್ಯನು ಮೊದಲು ಹಿಂದಿನ ಚೀಟಿಗಳನ್ನು ಕೇಳುವಂತೆ, ಕಾರು ಕೊಳ್ಳುವವನು ಮೊದಲು ಕಡತವನ್ನು ಕೇಳಬೇಕು. ಚರಿತ್ರೆ ತಿಳಿದ ಲಕ್ಷದ ಇಪ್ಪತ್ತು ಸಾವಿರವು, ಚರಿತ್ರೆ ತಿಳಿಯದ ಅರವತ್ತು ಸಾವಿರಕ್ಕಿಂತ ಮೇಲು.

‘ಹೆದ್ದಾರಿಯಲ್ಲೇ ಓಡಿದ್ದು ಸ್ವಾಮಿ’ ಎಂದು ಮಾರುವವರೆಲ್ಲರೂ ಹೇಳುತ್ತಾರೆ. ಇದಕ್ಕೂ ಸಾಕ್ಷಿ ಕೇಳಬಹುದು. 2021ರ ಫೆಬ್ರವರಿಯಿಂದ ಟೋಲ್ ನಾಕೆಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಗಿದೆ. ಅದರ ಲೆಕ್ಕಪಟ್ಟಿಯನ್ನು ತೋರಿಸಿದರೆ ಕಾರು ಯಾವ ದಿನ ಯಾವ ನಾಕೆ ದಾಟಿತೆಂಬುದು ಕಾಣುತ್ತದೆ. ಸರ್ವಿಸಿನ ಪ್ರತಿ ರಸೀತಿಯಲ್ಲಿ ದಿನಾಂಕದೊಡನೆ ಓಡಿದ ದೂರವೂ ಇರುತ್ತದೆ. ಈ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಸುಳ್ಳು ಬಹಳ ಹೊತ್ತು ನಿಲ್ಲಲಾರದು. ವಿಮೆಯ ಕಾಗದದಲ್ಲಿ ‘ನೋ ಕ್ಲೇಮ್ ಬೋನಸ್’ ಶೇಕಡಾ 50 ಇದ್ದರೆ ಒಡೆಯನು ಐದು ವರ್ಷ ಪರಿಹಾರ ಕೇಳಿಲ್ಲವೆಂದು ಅರ್ಥ. ಸೊನ್ನೆಯಾಗಿದ್ದರೆ ಕಾರಣವನ್ನು ವಿಚಾರಿಸುವುದು ಯೋಗ್ಯ.

ಕಣ್ಣಿಗೆ ಕಾಣುವ ಕುರುಹುಗಳು

‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬ ಗಾದೆ ಹಳೆಯ ಕಾರಿನ ಹೊಳಪಿಗೆ ಚೆನ್ನಾಗಿ ಒಪ್ಪುತ್ತದೆ. ಕಾರನ್ನು ಹಗಲಿನಲ್ಲಿ, ಒಣಗಿದ ಮೈಯಲ್ಲಿ, ತಣ್ಣಗಿರುವಾಗ ನೋಡಬೇಕು. ಹೋಗುವ ಮೊದಲೇ ಎಂಜಿನ್ನನ್ನು ಬಿಸಿಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುವುದಾಗಿ ಹೇಳಿ ಹಿಂದಿರುಗುವುದು ಲೇಸು. ತಣ್ಣನೆಯ ಎಂಜಿನ್ನು ಹೊರಗೆಡಹುವ ದೋಷವನ್ನು ಬಿಸಿ ಎಂಜಿನ್ನು ಮುಚ್ಚಿಡುತ್ತದೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲು ಉರಿಯುತ್ತಿದೆ. ಕಪ್ಪು ಹೊಗೆ ಬಂದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಬಿಸಿಯಾದ ಮೇಲೂ ಬಿಳಿಯ ದಟ್ಟ ಹೊಗೆ ನಿಲ್ಲದಿದ್ದರೆ ಕೂಲಂಟು ಎಂಜಿನ್ನಿನ ಒಳಗೆ ಸೇರುತ್ತಿರಬಹುದು. ಆಯಿಲಿನ ಮುಚ್ಚಳದ ಒಳಬದಿಯಲ್ಲಿ ಹಾಲುಬಣ್ಣದ ಜಿಡ್ಡು ಕಂಡರೆ ಮೆಕ್ಯಾನಿಕ್ಕಿಗೆ ತೋರಿಸದೆ ಮುಂದುವರಿಯಬಾರದು.

ಮಾಪಕದ ಅಂಕೆಗೂ ಕಾರಿನ ಮೈಗೂ ಹೊಂದಿಕೆ ಇದೆಯೇ ಎಂದು ನೋಡಬೇಕು. ಪೆಡಲಿನ ರಬ್ಬರು ಸವೆದು ನುಣುಪಾಗಿದೆ, ಸ್ಟಿಯರಿಂಗು ಕೈಹಿಡಿತದಲ್ಲಿ ಮಿರುಗುತ್ತಿದೆ, ಚಾಲಕನ ಸೀಟಿನ ಅಂಚು ಕುಸಿದಿದೆ; ಮಾಪಕ ಮಾತ್ರ ಮೂವತ್ತು ಸಾವಿರವೆನ್ನುತ್ತದೆ. ಇಲ್ಲಿ ಸುಳ್ಳು ಹೇಳುತ್ತಿರುವುದು ರಬ್ಬರಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆಗಳ ಗುರುತಿರುತ್ತದೆ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದುದು. ಟೈರು ಕಾರಿಗಿಂತ ಬಹಳ ಹೊಸದಾಗಿದ್ದು ಮಾಪಕದ ಅಂಕೆ ತೀರ ಕಡಿಮೆಯಾಗಿದ್ದರೆ ಅನುಮಾನಪಡಬೇಕು. ಕಿಟಕಿಯ ಗಾಜುಗಳ ಮೇಲೂ ತಯಾರಿಕೆಯ ಗುರುತುಗಳಿರುತ್ತವೆ. ಒಂದು ಗಾಜು ಮಾತ್ರ ಬೇರೆ ವರ್ಷದ್ದಾಗಿದ್ದರೆ ಆ ಬದಿಗೆ ಏನಾಯಿತೆಂದು ಕೇಳಬೇಕು. ಬಾನೆಟ್ಟಿನ ಬೋಲ್ಟುಗಳ ಬಣ್ಣ ಕಿತ್ತಿದ್ದರೆ ಯಾರೋ ಅದನ್ನು ಬಿಚ್ಚಿ ಕೂರಿಸಿದ್ದಾರೆ.

ಪುಣೆಯಲ್ಲಿ ಕೊಳ್ಳುವವರು ನೆರೆಯ ವಿಷಯವನ್ನು ಎಂದೂ ಮರೆಯಬಾರದು. 2019ರ ಸೆಪ್ಟೆಂಬರ್ 25ರ ರಾತ್ರಿ ಅಂಬಿಲ್ ಓಢಾ ಉಕ್ಕಿ ಹರಿದಾಗ ವಾಹನಗಳು ಕೊಚ್ಚಿಹೋದವು. 2024ರ ಜುಲೈಯಲ್ಲಿ ಖಡಕವಾಸಲಾದಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾನಗರಿಯಲ್ಲಿ ಮನೆಗಳ ನೆಲಮಹಡಿಗೆ ನೀರು ನುಗ್ಗಿತು. 2019ರ ಆಗಸ್ಟಿನಲ್ಲಿ ಕೊಲ್ಹಾಪುರ, ಸಾಂಗಲಿಗಳು ಮುಳುಗಿದ್ದವು. ಮುಳುಗಿದ ಕಾರನ್ನು ತೊಳೆದು ಒಣಗಿಸಿ ದೂರದ ಊರಿನಲ್ಲಿ ಮಾರುವುದು ಕಷ್ಟವೇನಲ್ಲ. ಸೀಟುಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಬೇಕು. ಮಣ್ಣಿನ ಗೆರೆ ಅಲ್ಲಿ ಉಳಿದಿರುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿಯನ್ನೆತ್ತಿ ಅದರಡಿಯ ಗುಳಿಯನ್ನೂ, ಸೀಟಿನ ಕೆಳಗಿನ ಕಂಬಿಗಳ ತುಕ್ಕನ್ನೂ ನೋಡಬೇಕು. ನೀರು ಕುಡಿದ ಕಾರಿನ ವಿದ್ಯುತ್ ತಂತಿಗಳು ತಿಂಗಳುಗಳ ನಂತರ ಕೈಕೊಡುತ್ತವೆ. ಅದು ಸಾಮಾನ್ಯವಾಗಿ ಮಳೆಯ ರಾತ್ರಿಯಲ್ಲಿಯೇ.

ಬಾಡಿಗೆಗೆ ಓಡಿ, ಬಳಿಕ ಖಾಸಗಿ ನೋಂದಣಿಗೆ ಬದಲಾದ ಕಾರುಗಳೂ ಪೇಟೆಗೆ ಬರುತ್ತವೆ. ಇದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ಕೊನೆಯದಾಗಿ, ಮಾರುವವನು ಸೂಚಿಸಿದ ಮೆಕ್ಯಾನಿಕ್ಕನ್ನು ಬಿಟ್ಟು ಬೇರೊಬ್ಬನಿಗೆ ಹಣ ಕೊಟ್ಟು ಪರೀಕ್ಷೆ ಮಾಡಿಸಬೇಕು. ಕಾರನ್ನು ಎತ್ತಿನಿಲ್ಲಿಸಿ ಅಡಿಭಾಗವನ್ನು ನೋಡುವವನೂ, ಯಂತ್ರ ಜೋಡಿಸಿ ಕಂಪ್ಯೂಟರಿನ ದೋಷಸಂಕೇತಗಳನ್ನು ಓದುವವನೂ ಆಗಿರಬೇಕು. ಲಕ್ಷಗಳ ವ್ಯವಹಾರದಲ್ಲಿ ಒಂದೆರಡು ಸಾವಿರದ ಪರೀಕ್ಷೆಯನ್ನು ಉಳಿಸುವುದು ಮಿತವ್ಯಯವೆನಿಸದು.

ಜಮಾ-ಖರ್ಚಿನ ಲೆಕ್ಕ

ಒಂದು ಕಾಲದಲ್ಲಿ ಹಳೆಯದು ಹೊಸದಕ್ಕಿಂತ ದುಬಾರಿಯಾಗಿತ್ತೆಂದರೆ ಇಂದಿನ ತರುಣರು ನಂಬಲಾರರು. ಪರ್ಮಿಟ್ ರಾಜ್ಯದ ದಿನಗಳಲ್ಲಿ ಪುಣೆಯ ಆಕುರ್ಡಿಯಲ್ಲಿಯೇ ತಯಾರಾಗುತ್ತಿದ್ದ ಬಜಾಜ್ ಸ್ಕೂಟರಿಗೆ ಪುಣೆಯವರೇ ವರ್ಷಗಟ್ಟಲೆ ಕಾಯಬೇಕಿತ್ತು. ಬಳಸಿದ ಸ್ಕೂಟರಿಗೆ ಹೊಸದರ ಬೆಲೆಗಿಂತ ಹೆಚ್ಚು ದೊರೆಯುತ್ತಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಕಾರಿನ ಪೇಟೆ ಮೆಲ್ಲನೆ ಬದಲಾಯಿತು. ಬೆಲೆ ಎಂಬುದು ವಸ್ತುವಿನಲ್ಲಿ ಇರುವುದಿಲ್ಲ, ಅದರ ಬದಲಿಗೆ ದೊರೆಯುವ ಇನ್ನೊಂದು ವಸ್ತುವಿನ ಬೆಲೆಯಲ್ಲಿ ಇರುತ್ತದೆ ಎಂಬುದಕ್ಕೆ ಇದು ನಿದರ್ಶನ. 2025ರ ಸೆಪ್ಟೆಂಬರ್ 22ರಿಂದ ಹೊಸ ಸಣ್ಣ ಕಾರುಗಳ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿಯಿತು. ಹೊಸದು ಅಗ್ಗವಾದಾಗ ಹಳೆಯದೂ ಅಗ್ಗವಾಗಬೇಕು. ‘ಆಗ ಇಷ್ಟು ಕೊಟ್ಟಿದ್ದೆ’ ಎಂಬ ಮಾರುವವನ ಮಾತಿಗೆ ಬೆಲೆಯಿಲ್ಲ. ಇಂದು ಹೊಸದಕ್ಕೆ ಎಷ್ಟು ಎಂಬುದೇ ಅಳತೆಗೋಲು.

ಈಗ ಕೋಥ್ರೂಡಿನ ಸಂಸಾರಕ್ಕೆ ಹಿಂದಿರುಗಬಹುದು. ಕೆಳಗಿನವು ಲೆಕ್ಕದ ಕ್ರಮ ತಿಳಿಯಲು ಹಿಡಿದ ಅಂಕೆಗಳು, ಪೇಟೆಯ ಧಾರಣೆಯಲ್ಲ. ಐದು ವರ್ಷ, ವರ್ಷಕ್ಕೆ 12,000 ಕಿ.ಮೀ.ನಂತೆ ಒಟ್ಟು 60,000 ಕಿ.ಮೀ. ಓಡಿಸುವುದೆಂದು ಇಟ್ಟುಕೊಳ್ಳಬೇಕು. ಇಂಧನ, ವಿಮೆಗಳನ್ನು ಬದಿಗಿಡಬೇಕು.

ಹೊಸ ಕಾರಿಗೆ 8,00,000 ರೂ. ಐದು ವರ್ಷದ ದುರಸ್ತಿ 30,000; ಹೂಡಿದ ಹಣಕ್ಕೆ ಶೇಕಡಾ 7ರಂತೆ ಬಡ್ಡಿ 2,80,000; ಕೊನೆಗೆ ಮಾರಿದರೆ 4,50,000 ಬರುತ್ತದೆ. ನಿವ್ವಳ ಖರ್ಚು 6,60,000. ಕಿಲೋಮೀಟರಿಗೆ 11 ರೂಪಾಯಿ.

ಲಕ್ಷದ ಇಪ್ಪತ್ತು ಸಾವಿರ ಓಡಿದ ಕಾರಿಗೆ 3,00,000 ರೂ. ದುರಸ್ತಿ 90,000, ಬಡ್ಡಿ 1,05,000, ಕೊನೆಗೆ ಮಾರಿದರೆ 1,20,000. ನಿವ್ವಳ ಖರ್ಚು 3,75,000. ಕಿಲೋಮೀಟರಿಗೆ 6 ರೂಪಾಯಿ 25 ಪೈಸೆ. ದುರಸ್ತಿಯ ಖರ್ಚು ದುರದೃಷ್ಟದಿಂದ 2,40,000ಕ್ಕೆ ಏರಿತೆನ್ನೋಣ. ಆಗಲೂ ಕಿಲೋಮೀಟರಿಗೆ 8 ರೂಪಾಯಿ 75 ಪೈಸೆ, ಹೊಸದಕ್ಕಿಂತ ಕಡಿಮೆಯೇ.

ಹಾಗಾದರೆ ಹಳೆಯ ಕಾರಿನಲ್ಲಿ ಅಪಾಯವೇ ಇಲ್ಲವೇ? ಇದೆ, ಅದು ಇರುವ ಜಾಗ ಬೇರೆ. ಅದೇ ಕಾರನ್ನು ಕೊಂಡು, ಮೊದಲ ವರ್ಷದಲ್ಲಿಯೇ ಕ್ಲಚ್ಚು, ಟೈಮಿಂಗ್ ಬೆಲ್ಟು, ಟೈರು, ಸಸ್ಪೆನ್ಷನ್ನುಗಳಿಗೆ 1,50,000 ಸುರಿದು, ಕೈ ಬರಿದಾಗಿ ಬೇಸತ್ತು 1,80,000ಕ್ಕೆ ಮಾರಿಬಿಟ್ಟರೆ ಹೋದ ಹಣ 2,70,000. ಓಡಿದ್ದು 12,000 ಕಿ.ಮೀ. ಬಡ್ಡಿ ಬಿಟ್ಟೇ ಕಿಲೋಮೀಟರಿಗೆ 22 ರೂಪಾಯಿ 50 ಪೈಸೆ! ಹಣ ಹಾಕಿ ಸರಿಪಡಿಸಿದ ಕಾರಿನ ಫಲವನ್ನು ಉಂಡವನು ಮುಂದಿನ ಒಡೆಯನು. ಹಳೆಯ ಕಾರು ಸಂಸಾರವನ್ನು ಕೆಡಿಸುವುದು ದುರಸ್ತಿಯಿಂದಲ್ಲ. ದುರಸ್ತಿಯ ಹೊತ್ತಿಗೆ ಕೈಯಲ್ಲಿ ಹಣವಿಲ್ಲದಿರುವುದರಿಂದ.

ಆದುದರಿಂದ ಕೊನೆಯ ರೂಪಾಯಿಯನ್ನೂ ಬೆಲೆಗೆ ಹಾಕಬಾರದು. ಮೂರು ಲಕ್ಷವಿದ್ದವನು ಎರಡು ಲಕ್ಷ ನಲವತ್ತು ಸಾವಿರದ ಕಾರನ್ನು ನೋಡಬೇಕು. ಐದರಲ್ಲಿ ಒಂದು ಪಾಲಾದ ಅರವತ್ತು ಸಾವಿರ ಪ್ರತ್ಯೇಕ ಖಾತೆಯಲ್ಲಿ ಉಳಿಯಬೇಕು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದ ಹಿರಿಯರು ಹಾಸಿಗೆಯ ಅಂಚಿನಲ್ಲಿ ಗೇಣು ಜಾಗ ಬಿಡಬೇಕೆಂಬುದನ್ನೂ ಬಲ್ಲವರೇ. ಸಾಲ ಮಾಡುವವರು ಇನ್ನೂ ಎರಡು ಸಂಗತಿಗಳನ್ನು ಗಮನಿಸಬೇಕು. ಹಳೆಯ ಕಾರಿನ ಸಾಲಕ್ಕೆ ಬಡ್ಡಿ ಸಾಮಾನ್ಯವಾಗಿ ಹೊಸ ಕಾರಿನ ಸಾಲಕ್ಕಿಂತ ಹೆಚ್ಚು. ಬ್ಯಾಂಕು ಸಾಲವನ್ನು ಲೆಕ್ಕಹಾಕುವಾಗ ಮೌಲ್ಯಮಾಪಕನ ಅಂದಾಜನ್ನೂ ನೋಡುತ್ತದೆ. ಆ ಅಂದಾಜು ಕೇಳಿದ ಬೆಲೆಗಿಂತ ಬಹಳ ಕಡಿಮೆಯಿದ್ದರೆ ಅದನ್ನು ಬ್ಯಾಂಕಿನ ಜಿಪುಣತನವೆಂದು ತಿಳಿಯದೆ ಎಚ್ಚರಿಕೆಯೆಂದು ತಿಳಿಯಬೇಕು. ಕಾರಿನ ಬಾಳಿಕೆಗಿಂತ ಸಾಲದ ಕಂತು ಉದ್ದವಾಗಿರಬಾರದು.

‘ನಮ್ಮವರೇ’ ಎಂಬ ಮಾತು

ಪರಸ್ಥಳದಲ್ಲಿ ಕನ್ನಡಿಗರಿಗೆ ಕನ್ನಡಿಗರಲ್ಲಿ ಇರುವ ವಿಶ್ವಾಸ ದೊಡ್ಡ ಸಂಪತ್ತು. ಅಕರ್ಲಾಫನು ಹೇಳಿದ ಅಜ್ಞಾನದ ಕತ್ತಲೆಗೆ ಪರಿಚಯವೇ ದೀಪ. ಒಬ್ಬನೇ ಒಡೆಯನ ಕೈಯಲ್ಲಿದ್ದ, ಹಬ್ಬಹರಿದಿನಗಳಲ್ಲಿ ಕಣ್ಣೆದುರೇ ಓಡಾಡಿದ ಕಾರು ದೊರೆತರೆ ಭಾಗ್ಯವೆನ್ನಬೇಕು. ಆದರೆ ಈ ವಿಶ್ವಾಸವೇ ಕಾಗದಪತ್ರದ ಉದಾಸೀನಕ್ಕೆ ಕಾರಣವಾಗುತ್ತದೆ. ‘ನಮ್ಮವರೇ, ಹೆಸರು ಆಮೇಲೆ ಬದಲಾಯಿಸಿದರಾಯಿತು’ ಎಂದು ಕೀಲಿಕೈ ಕೊಡುತ್ತಾರೆ. ಆ ‘ಆಮೇಲೆ’ ವರ್ಷಗಟ್ಟಲೆ ಬರುವುದೇ ಇಲ್ಲ.

ಇದರ ಪರಿಣಾಮವನ್ನು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ, ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಎಂಬ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿದೆ. 2007ರಲ್ಲಿ ಮಾರಲ್ಪಟ್ಟ ಕಾರು ಕೈಯಿಂದ ಕೈಗೆ ದಾಟಿತು. ನೋಂದಣಿ ಮಾತ್ರ ಮೊದಲಿನವನ ಹೆಸರಿನಲ್ಲಿಯೇ ಉಳಿಯಿತು. 2009ರಲ್ಲಿ ಅಪಘಾತವಾಯಿತು. ಪುಸ್ತಕದಲ್ಲಿ ಹೆಸರಿರುವವನೇ ಒಡೆಯ, ಪರಿಹಾರಕ್ಕೆ ಅವನೇ ಹೊಣೆ ಎಂದು ನ್ಯಾಯಾಲಯ ತೀರ್ಪಿತ್ತಿತು. ಎರಡು ವರ್ಷ ಹಿಂದೆಯೇ ಕಾರು ಮಾರಿದವನ ಪಾಡು ಹೀಗಾಯಿತು. ಗೆಳೆಯನಿಗೆ ಮಾರಿದವನು ಹೆಸರು ಬದಲಾಯಿಸಲು ಒತ್ತಾಯಿಸಿದರೆ ಅದು ಅವಿಶ್ವಾಸವಲ್ಲ, ಇಬ್ಬರ ಗೆಳೆತನಕ್ಕೂ ರಕ್ಷಣೆ.

1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ, ಅದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಆರ್.ಟಿ.ಓ.ಗೆ ತಿಳಿಸಬೇಕು, ಇದಕ್ಕೆ 29 ಮತ್ತು 30ನೆಯ ನಮೂನೆಗಳಿವೆ. ವಿಮೆಯನ್ನು 14 ದಿನಗಳೊಳಗೆ ವರ್ಗಾಯಿಸಲು ಕೊಂಡವನು ಅರ್ಜಿ ಕೊಡಬೇಕು. ಮೂರನೆಯವರಿಗಾಗುವ ಹಾನಿಯ ವಿಮೆ ಕಾರಿನೊಡನೆ ತಾನಾಗಿ ಬರುತ್ತದೆ. ಕಾರಿಗಾಗುವ ಹಾನಿಯ ವಿಮೆ ಹಾಗೆ ಬಾರದು. ಹಿಂದಿನ ಒಡೆಯನು ಬ್ಯಾಂಕಿನ ಸಾಲ ತೀರಿಸಿದ್ದರೂ ಆರ್.ಸಿ.ಯಲ್ಲಿ ಅಡಮಾನದ ನಮೂದು ಉಳಿದಿರಬಹುದು. ಬ್ಯಾಂಕಿನ ಪತ್ರ ಮತ್ತು 35ನೆಯ ನಮೂನೆಯಿಂದ ಅದನ್ನು ತೆಗೆಸಿದ ಬಳಿಕವೇ ಪೂರ್ಣ ಹಣ ಕೊಡಬೇಕು. ಬಾಕಿ ದಂಡದ ಚಲನ್ನುಗಳನ್ನು ಪರಿವಾಹನ್ ಜಾಲತಾಣದಲ್ಲಿ ನೋಡಬಹುದು.

ಊರಿನ ಕಾರನ್ನು ಪುಣೆಗೆ ತರುವವರಿಗೆ ಇನ್ನೊಂದು ಮಾತು. ಕೆ.ಎ. 28ರ ವಿಜಯಪುರದ ಕಾರನ್ನು ಮಹಾರಾಷ್ಟ್ರದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಇಲ್ಲಿ ಮರುನೋಂದಣಿ ಮಾಡಿಸಬೇಕು. ಅದಕ್ಕೆ ಅಲ್ಲಿಯ ಆರ್.ಟಿ.ಓ.ದ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ತೆರಿಗೆ ಕಟ್ಟಬೇಕು. ಭಾವಮೈದುನನು ‘ಅಗ್ಗಕ್ಕೆ’ ಕೊಟ್ಟ ಕಾರು ಇವೆಲ್ಲ ಸೇರಿದ ಮೇಲೆ ಅಗ್ಗವಾಗಿಯೇ ಉಳಿಯುವುದೇ ಎಂದು ಮೊದಲೇ ಕೂಡಿಸಿ ನೋಡಬೇಕು. ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಅವಧಿ. ಆ ಮೇಲೆ ತಪಾಸಣೆ, ನವೀಕರಣದ ಶುಲ್ಕ, ಪರಿಸರ ತೆರಿಗೆಗಳಿವೆ. ಹದಿಮೂರು ವರ್ಷದ ಕಾರನ್ನು ಕೊಳ್ಳುವವನು ಕಿಲೋಮೀಟರಿಗಿಂತ ಪಂಚಾಂಗವನ್ನೇ ಹೆಚ್ಚು ನೋಡಬೇಕು.

ಚೌಕಾಸಿಗೆ ಒಳಪಡದ ಸಂಗತಿ

ಇದುವರೆಗಿನದು ಹಣದ ಮಾತು. ಹಣದಲ್ಲಿ ಅಳೆಯಲಾಗದ ಒಂದು ಬಾಬತ್ತಿದೆ. ಭಾರತದಲ್ಲಿ ಎಲ್ಲ ಹೊಸ ಕಾರುಗಳಿಗೂ ಚಕ್ರ ಬಿಗಿಯದಂತೆ ತಡೆಯುವ ಎ.ಬಿ.ಎಸ್. ಬ್ರೇಕು ಕಡ್ಡಾಯವಾದುದು 2019ರ ಏಪ್ರಿಲಿನಿಂದ. ಚಾಲಕನ ಏರ್‌ಬ್ಯಾಗು ಅದೇ ವರ್ಷದ ಜುಲೈಯಿಂದ. ಪಕ್ಕದಲ್ಲಿ ಕುಳಿತವರದು 2022ರ ಜನವರಿಯಿಂದ. ಇದಕ್ಕೂ ಹಿಂದಿನ ಕಾರುಗಳಲ್ಲಿ, ಅದರಲ್ಲೂ ಅಗ್ಗದ ಮಾದರಿಗಳಲ್ಲಿ, ಇವು ಇಲ್ಲದಿರಬಹುದು. ಎರಡು ಹಳೆಯ ಕಾರುಗಳ ನಡುವೆ ಆಯ್ಕೆ ಬಂದರೆ, ಸಂಗೀತದ ಪೆಟ್ಟಿಗೆ, ಅಲಾಯ್ ಚಕ್ರಗಳನ್ನು ಬಿಟ್ಟು ಇವಿರುವ ಕಾರನ್ನೇ ಆರಿಸಬೇಕು. ಅದು ಹೆಚ್ಚು ಓಡಿದ್ದರೂ ಸರಿ.

ಪುಣೆಯಿಂದ ದಕ್ಷಿಣಕ್ಕೆ ಹೋಗುವವರಿಗೆ ಕಾತ್ರಜ, ಖಂಬಾಟಕಿಗಳು ತಪ್ಪುವುದಿಲ್ಲ. ನವಲೆ ಸೇತುವೆಯ ಇಳಿಜಾರಿನಲ್ಲಿ 2022ರ ನವೆಂಬರಿನಲ್ಲಿ ಭಾರಿ ವಾಹನವೊಂದು ಹಿಡಿತ ತಪ್ಪಿದಾಗ ನಲವತ್ತಕ್ಕೂ ಹೆಚ್ಚು ವಾಹನಗಳು ಜಖಂಗೊಂಡವು. ಇಂಥ ದಾರಿಯಲ್ಲಿ ಸವೆದ ಬ್ರೇಕು, ಒಣಗಿ ಸೀಳಿದ ಟೈರುಗಳೊಡನೆ ಮಕ್ಕಳನ್ನು ಕೂರಿಸಿಕೊಂಡು ಹೋಗುವುದು ಸಾಹಸವೆನಿಸದು, ಅಪರಾಧವೆನಿಸುತ್ತದೆ. ಕಾರು ಕೈಗೆ ಬಂದ ಮೊದಲ ವಾರದಲ್ಲಿಯೇ ಬ್ರೇಕು, ಟೈರು, ಸ್ಟಿಯರಿಂಗುಗಳನ್ನು ಸರಿಪಡಿಸಿ, ಆಯಿಲು, ಬ್ರೇಕಿನ ದ್ರವ, ಕೂಲಂಟುಗಳನ್ನು ಬದಲಾಯಿಸಬೇಕು. ಟೈಮಿಂಗ್ ಬೆಲ್ಟಿರುವ ಎಂಜಿನ್ನಾಗಿದ್ದು ಅದನ್ನು ಬದಲಾಯಿಸಿದ ರಸೀತಿ ಇಲ್ಲದಿದ್ದರೆ, ಬದಲಾಯಿಸಿಲ್ಲವೆಂದೇ ತಿಳಿದು ಹೊಸದನ್ನು ಹಾಕಿಸಬೇಕು. ಓಡುವಾಗ ಅದು ತುಂಡಾದರೆ ಬಹಳಷ್ಟು ಎಂಜಿನ್ನುಗಳು ಒಳಗೇ ನುಚ್ಚುನೂರಾಗುತ್ತವೆ. ಊರಿನ ಮೊದಲ ಪ್ರಯಾಣ ಇವೆಲ್ಲ ಮುಗಿದ ಮೇಲೆ.

ಸಂಘವು ಮಾಡಬಹುದಾದ ಕೆಲಸ

ಪುಣೆಯು ಮೋಟಾರು ಉದ್ಯಮದ ನಗರ. ವಾಹನಗಳನ್ನು ಪರೀಕ್ಷಿಸುವ, 1966ರಲ್ಲಿ ಸ್ಥಾಪಿತವಾದ ಎ.ಆರ್.ಎ.ಐ. ಸಂಸ್ಥೆ ಇಲ್ಲಿನ ವೇತಾಳ ಟೇಕಡಿಯ ಮೇಲೆಯೇ ಇದೆ. ಟಾಟಾ, ಬಜಾಜ್ ಮೊದಲಾದ ಕಾರ್ಖಾನೆಗಳಲ್ಲಿಯೂ ಅವಕ್ಕೆ ಬಿಡಿಭಾಗ ಒದಗಿಸುವ ಸಣ್ಣ ಕಾರ್ಖಾನೆಗಳಲ್ಲಿಯೂ ಯಂತ್ರದ ನಾಡಿ ಬಲ್ಲ ಕನ್ನಡಿಗರಿದ್ದಾರೆ. ನಿವೃತ್ತರೂ ಇದ್ದಾರೆ. ಸಂಘವು ರಾಜ್ಯೋತ್ಸವ, ನಾಟಕ, ಆರೋಗ್ಯ ತಪಾಸಣೆಯ ಶಿಬಿರಗಳನ್ನು ನಡೆಸುವಂತೆಯೇ, ತಿಂಗಳಿಗೊಂದು ಭಾನುವಾರ ಇಂಥವರ ಸಲಹೆ ಹೊಸದಾಗಿ ಬಂದ ಸಂಸಾರಗಳಿಗೆ ದೊರೆಯುವಂತೆ ಮಾಡಬಹುದು. ಮಾರುವವನೂ ಕೊಳ್ಳುವವನೂ ಸದಸ್ಯರೇ ಆಗಿದ್ದರೆ ಕಡತ, ಪರೀಕ್ಷೆ, ನಮೂನೆ ಈ ಮೂರೂ ಪೂರ್ಣವಾಗುವವರೆಗೆ ಹಣ ಕೈ ಬದಲಾಗದಂತೆ ಹಿರಿಯರು ನೋಡಿಕೊಳ್ಳಬಹುದು. ಇದರಿಂದ ‘ನಮ್ಮವರೇ’ ಎಂಬ ಮಾತಿಗೆ ನಿಜವಾದ ತೂಕ ಬರುತ್ತದೆ.

ಕೋಥ್ರೂಡಿನ ಸಂಸಾರಕ್ಕೆ ಹೇಳಬೇಕಾದುದು ಇಷ್ಟೇ. ಥಳಥಳಿಸುವ ಕಾರಿನ ವ್ಯಾಪಾರಿಗೆ ಅದರ ಸರ್ವಿಸಿನ ಕಡತವನ್ನು ಕೇಳಬೇಕು. ಅವನು ಕೊಟ್ಟರೆ ಓದಬೇಕು; ಕೊಡದಿದ್ದರೆ ನಮಸ್ಕಾರ ಹೇಳಿ ಹೊರಡಬೇಕು. ಲಕ್ಷದ ಇಪ್ಪತ್ತು ಸಾವಿರ ಓಡಿದ ಕಾರನ್ನು ಬೇರೆ ಮೆಕ್ಯಾನಿಕ್ಕಿನಿಂದ ಪರೀಕ್ಷಿಸಿ, ಬ್ರೇಕು, ಏರ್‌ಬ್ಯಾಗುಗಳು ಸರಿಯಿದ್ದು, ಬೆಲೆ ಇಳಿದು ಅರವತ್ತು ಸಾವಿರ ಕೈಯಲ್ಲಿ ಉಳಿಯುವುದಾದರೆ ಧೈರ್ಯವಾಗಿ ಕೊಳ್ಳಬೇಕು. ಅಷ್ಟು ಉಳಿಯದಿದ್ದರೆ ಇನ್ನಾರು ತಿಂಗಳು ಬಸ್ಸಿನಲ್ಲಿ ಓಡಾಡುವುದು ಲೇಸು. ರಾತ್ರಿ ಹತ್ತಕ್ಕೆ ಊರಿನಿಂದ ಫೋನು ಬಂದಾಗ ಕೀಲಿ ತಿರುಗಿಸಿದೊಡನೆ ಹೊರಡುವ, ಇಳಿಜಾರಿನಲ್ಲಿ ನಿಲ್ಲಿಸಿದಲ್ಲಿ ನಿಲ್ಲುವ, ಬೆಳಗಾಗುವುದರೊಳಗೆ ತಂದೆಯ ಹಾಸಿಗೆಯ ಬಳಿ ತಲುಪಿಸುವ ಕಾರು ಎಷ್ಟು ಓಡಿದೆಯೆಂದು ಆ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ.